ಹೆಸರಿನ ತುದಿಯ ‘ಆಯ’

ಪುಣಿಂಚತ್ತಾಯ, ಕುಣಿಕುಳ್ಳಾಯ, ಕಕ್ಕಿಲ್ಲಾಯ, ಕೇಕುಣ್ಣಾಯ, ಬೈಪಡಿತ್ತಾಯ – ನಮ್ಮ ಗಡಿನಾಡಿನವರ ಕಿವಿಗೆ ಇವು ತೀರ ಪರಿಚಿತ ಕುಲನಾಮಗಳು. ತುಳುನಾಡನ್ನು ದಾಟಿದರೆ ಅಪರೂಪ; ಹೊರಗಿನವರ ನಾಲಿಗೆಗಂತೂ ಕಬ್ಬಿಣದ ಕಡಲೆ. ತುಳು ಮನೆಮಾತಿನ ಶಿವಳ್ಳಿ ಬ್ರಾಹ್ಮಣರಲ್ಲಿ ಬಳಕೆಯಲ್ಲಿರುವ ಈ ಹೆಸರುಗಳ ಗುಟ್ಟು ತುದಿಯ ‘ಆಯ’ದಲ್ಲಿದೆ.

ತುಳುವಿನಲ್ಲಿ ‘ಆಯೆ’ ಎಂದರೆ ಅವನು. ಕನ್ನಡದ ‘ಅವನು’, ಮಲಯಾಳದ ‘ಅವನ್’ ಇದರ ಒಡಹುಟ್ಟುಗಳು. ‘ಮುಲ್ತಾಯೆ’ ಎಂದರೆ ಇಲ್ಲಿಯವನು, ‘ಊರುದಾಯೆ’ ಎಂದರೆ ಊರಿನವನು. ಅದೇ ಜಾಡಿನಲ್ಲಿ ಪಡುವೆಟ್ಟಿನವನು ಪಡುವೆಟ್ನಾಯನಾದ. ನಡುವಿನ ‘ನ’, ‘ತ್ತ’ಗಳು ಷಷ್ಠೀ ವಿಭಕ್ತಿಯ ಗುರುತುಗಳು. ಅಂದರೆ ಇವು ಬಿರುದುಗಳಲ್ಲ, ಪದವಿಗಳಲ್ಲ, ನೆಲದ ವಿಳಾಸಗಳು. ಇಂಗ್ಲಿಷರ ‘ಅಟ್‌ವುಡ್’ ಎಂಬ ಹೆಸರೂ ಕಾಡಿನ ಬಳಿಯವನು ಎಂಬ ಅರ್ಥದಲ್ಲೇ ಹುಟ್ಟಿದ್ದು.

ಉಡುಪಿಯಿಂದ ಚಂದ್ರಗಿರಿ ಹೊಳೆಯವರೆಗೆ ಹಬ್ಬಿದ ಈ ಹೆಸರುಗಳಿಗೆ 1956ರ ನವೆಂಬರ್ 1ರಂದು ಎಳೆದ ರಾಜ್ಯದ ಗೆರೆ ತಿಳಿಯದು. ಯು.ಪಿ. ಕುಣಿಕುಳ್ಳಾಯರು 1967ರಲ್ಲಿ ಕಾಸರಗೋಡಿನಿಂದ ಕೇರಳದ ವಿಧಾನಸಭೆಗೆ ಆಯ್ಕೆಯಾದರು. ಚೆರ್ಕಳ ಸಮೀಪದ ಬೇವಿಂಜೆಯಲ್ಲಿ ಹುಟ್ಟಿದ ಬಿ.ವಿ. ಕಕ್ಕಿಲ್ಲಾಯರು 1978ರಲ್ಲಿ ವಿಟ್ಲದಿಂದ ಕರ್ನಾಟಕದ ವಿಧಾನಸಭೆ ಸೇರಿದರು. ಹಳೆಯ ತುಳು ಕಾವ್ಯ ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದವರು ವೆಂಕಟರಾಜ ಪುಣಿಂಚತ್ತಾಯರು. ತುಳುವಿಗೆ ಪ್ರಾಚೀನ ಸಾಹಿತ್ಯವಿಲ್ಲ ಎಂಬ ಮಾತಿಗೆ ಹೀಗೆ ಉತ್ತರ ಕೊಟ್ಟವರ ಹೆಸರಿನಲ್ಲೇ ತುಳುವಿನ ವ್ಯಾಕರಣವಿತ್ತು.

ಮಧೂರಿನಲ್ಲಿ ಹುಟ್ಟಿ, ತೆಂಕುತಿಟ್ಟಿನ ಭಾಗವತಿಕೆಯಲ್ಲಿ ಹೆಸರಾದ ಲೀಲಾವತಿ ಬೈಪಡಿತ್ತಾಯರು 2024ರಲ್ಲಿ ತೀರಿಕೊಂಡರು. ಗಂಡಸರದೇ ಆಗಿದ್ದ ಜಾಗಟೆಯನ್ನು ಹಿಡಿದ ಆ ಹೆಣ್ಣುಮಗಳ ಹೆಸರಿನ ತುದಿಯಲ್ಲೂ ‘ಅವನು’ ಎಂಬರ್ಥದ ಪದವೇ! ವ್ಯಾಕರಣದ ಪ್ರಕಾರ ಇದು ಸಲ್ಲದು, ಬದುಕಿನಲ್ಲಿ ಸಂದಿತು. ಪದದ ಮೂಲಾರ್ಥ ಮರೆತು ಅದು ಮನೆತನದ ಗುರುತಾಗಿ ನಿಂತಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಂದು ಈ ಗುರುತು ತೆಳುವಾಗುತ್ತಿದೆ. ಉಚ್ಚಾರ ಕಷ್ಟವೆಂದು ಕೆಲವರು ‘ರಾವ್’ ಎಂದು ಬರೆಸಿಕೊಳ್ಳುತ್ತಾರೆ. ಕೆಲವರದು ಇನಿಶಿಯಲ್ಲಿನ ಒಂದಕ್ಷರಕ್ಕೆ ಇಳಿದಿದೆ. ಬ್ಯಾಂಕಿನ ಲೆಡ್ಜರಿಗೆ ಒಂದಕ್ಷರ ಧಾರಾಳ ಸಾಕು, ಚರಿತ್ರೆಗೆ ಸಾಲದು. ಕನ್ನಡ ಬಲ್ಲವರೂ ಮಲಯಾಳ ಬಲ್ಲವರೂ ತಮ್ಮ ತಮ್ಮ ಮನೆಹೆಸರುಗಳನ್ನು, ಅವು ಸೂಚಿಸುವ ಊರು, ಬೈಲು, ಬೆಟ್ಟುಗಳೊಡನೆ ಹಿರಿಯರಿಂದ ಕೇಳಿ ಬರೆದಿಡಬೇಕು. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕಾಗಿದೆ.