ಮಧುಮೇಹ ಚಿಕಿತ್ಸೆಯ ಇತಿಹಾಸದಲ್ಲಿ ರೋಗಿಯ ಸ್ಥಾನ: ಡಾ. ಆರ್. ಡಿ. ಲಾರೆನ್ಸರ ನಿದರ್ಶನ

ಮಧುಮೇಹ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು 1921-22ರಲ್ಲಿ ಟೊರಾಂಟೊ ನಗರದಲ್ಲಿ ನಡೆದ ಇನ್ಸುಲಿನ್ ಶೋಧದಿಂದ ಆರಂಭಿಸಿ, ಬ್ಯಾಂಟಿಂಗ್ ಮತ್ತು ಮೆಕ್ಲೌಡರಿಗೆ 1923ರಲ್ಲಿ ದೊರೆತ ನೊಬೆಲ್ ಪಾರಿತೋಷಕದೊಡನೆ ಮುಖ್ಯ ಕಥೆಯನ್ನು ಮುಗಿಸುವುದುಂಟು. ಶೋಧದ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇನ್ಸುಲಿನ್ ರೋಗವನ್ನು ನಿರ್ಮೂಲಗೊಳಿಸುವ ಔಷಧವಲ್ಲ. ಅದನ್ನವಲಂಬಿಸಿದ ರೋಗಿಯು ಬದುಕಿರುವವರೆಗೂ ಪ್ರತಿದಿನ ಅಳೆದು ಚುಚ್ಚಿಕೊಳ್ಳಬೇಕಾದುದು. ಅಳತೆ ಮೀರಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಈ ನಿತ್ಯಕಾರ್ಯ ನಡೆಯುವುದು ರೋಗಿಯ ಮನೆಯಲ್ಲಿ. ಆದಕಾರಣ ಚಿಕಿತ್ಸೆಯ ಗುಣವು ಹೇಗೆ ಸುಧಾರಿಸಿತೆಂಬುದನ್ನು ಪ್ರಯೋಗಶಾಲೆಯ ಹೊರಗೂ ಅರಸಬೇಕಾಗುತ್ತದೆ.

1892ರಲ್ಲಿ ಅಬರ್ಡೀನಿನಲ್ಲಿ ಜನಿಸಿದ ಲಾರೆನ್ಸರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ತರುಣ ವೈದ್ಯರಾಗಿದ್ದರು. 1920ರಲ್ಲಿ ಶವದ ಮೇಲೆ ಶಸ್ತ್ರಕ್ರಿಯೆಯನ್ನು ಅಭ್ಯಾಸ ಮಾಡುತ್ತಿದ್ದಾಗ ಎಲುಬಿನ ಚೂರೊಂದು ಸಿಡಿದು ಅವರ ಕಣ್ಣಿಗೆ ತಗುಲಿತು. ಆ ಕಣ್ಣಿನ ಶುಶ್ರೂಷೆಯ ಕಾಲದಲ್ಲಿಯೇ ಮಧುಮೇಹವು ಪತ್ತೆಯಾಯಿತು. ಆಗ ಅರೆಹೊಟ್ಟೆಯ ಪಥ್ಯವಲ್ಲದೆ ಬೇರೆ ಉಪಾಯವಿರಲಿಲ್ಲ. ಮನೆಯವರ ಕಣ್ಣೆದುರಿನಲ್ಲಿ ಸಾಯಲೊಲ್ಲದೆ ಅವರು ಇಟಲಿಯ ಫ್ಲಾರೆನ್ಸಿಗೆ ತೆರಳಿ ಅಲ್ಲಿ ವೈದ್ಯವೃತ್ತಿ ಕೈಕೊಂಡರು. 1923ರ ಮೇ ತಿಂಗಳಲ್ಲಿ ಕಿಂಗ್ಸ್ ಆಸ್ಪತ್ರೆಯ ಮಿತ್ರ ಹ್ಯಾರಿಸನ್ನರಿಂದ, ಇನ್ಸುಲಿನ್ ದೊರೆತಿದೆ, ಫಲಕಾರಿಯಾಗಿದೆ, ಕೂಡಲೇ ಬರಬೇಕೆಂಬ ವಾರ್ತೆ ಬಂದಿತು. ಬಳಲಿದ ದೇಹದಲ್ಲಿಯೇ ಯೂರೋಪನ್ನು ದಾಟಿ ಲಂಡನ್ನಿಗೆ ಬಂದ ಅವರಿಗೆ ಅದೇ ತಿಂಗಳ 31ರಂದು ಮೊದಲ ಚುಚ್ಚುಮದ್ದು ದೊರೆಯಿತು.

ಮುಂದೆ ಅದೇ ಆಸ್ಪತ್ರೆಯ ಮಧುಮೇಹ ವಿಭಾಗವನ್ನು ನಡೆಸಿದ ಲಾರೆನ್ಸರು 1925ರಲ್ಲಿ ‘ದಿ ಡಯಾಬೆಟಿಕ್ ಲೈಫ್’ ಎಂಬ ಗ್ರಂಥವನ್ನು ವೈದ್ಯರಿಗೂ ರೋಗಿಗಳಿಗೂ ಉಪಯುಕ್ತವಾಗುವಂತೆ ಬರೆದರು. ಅವರ ಪಥ್ಯಕ್ರಮ ವಿಚಾರಯೋಗ್ಯವಾದುದು. ಆಹಾರಪದಾರ್ಥಗಳನ್ನು ಕಪ್ಪು ಪಾಲು, ಕೆಂಪು ಪಾಲು ಎಂದು ವಿಂಗಡಿಸಿ, ಒಂದು ಕಪ್ಪು ಪಾಲಿಗೆ 10 ಗ್ರಾಂ ಕಾರ್ಬೋಹೈಡ್ರೇಟ್ ಬರುವಂತೆ ಪ್ರತಿಯೊಂದರ ತೂಕವನ್ನು ಕೊಟ್ಟರು. ಎಷ್ಟು ಪಾಲು ಎಂಬುದನ್ನು ವೈದ್ಯರು ನಿಶ್ಚಯಿಸುವರು. ಅದನ್ನು ರೊಟ್ಟಿಯಿಂದ ತುಂಬಬೇಕೋ ಆಲೂಗಡ್ಡೆಯಿಂದಲೋ ಎಂಬ ಆಯ್ಕೆ ರೋಗಿಯದು. ಅಲ್ಪವೆನಿಸುವ ಈ ಸ್ವಾತಂತ್ರ್ಯದಲ್ಲಿಯೇ ರೋಗಿಯನ್ನು ವಿವೇಚಿಸಬಲ್ಲ ವ್ಯಕ್ತಿಯೆಂದು ಒಪ್ಪಿದ ಗುರುತು ಇದೆಯೆಂದು ನಾವು ಭಾವಿಸುತ್ತೇವೆ. ಮೂತ್ರಪರೀಕ್ಷೆಯೂ ಮನೆಯನ್ನು ಸೇರಿತು: ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿದಾಗ ಅದರ ನೀಲಿ ಬಣ್ಣ ಹಸುರು, ಹಳದಿಗಳಿಗೆ ತಿರುಗಿ, ಸಕ್ಕರೆ ಬಹಳವಿದ್ದರೆ ಇಟ್ಟಿಗೆಗೆಂಪಾಗುವುದು.

ಬಾಸ್ಟನ್ನಿನ ಡಾ. ಜಾಸ್ಲಿನ್ 1918ರಲ್ಲಿಯೇ, ಎಂದರೆ ಇನ್ಸುಲಿನ್ನಿಗಿಂತ ಮೊದಲೇ, ರೋಗಿಗಳಿಗೆಂದು ಕೈಪಿಡಿ ಬರೆದಿದ್ದರೆಂಬುದನ್ನು ಮರೆಯಲಾಗದು. ಆದರೆ ಅವರ ಬೋಧನೆಯಲ್ಲಿ ಶಿಸ್ತಿಗೆ ಅಗ್ರಸ್ಥಾನ. 25 ವರ್ಷ ತೊಡಕಿಲ್ಲದೆ ಬಾಳಿದ ರೋಗಿಗಳಿಗೆ ಅವರು ವಿಜಯಪದಕ ಕೊಡುತ್ತಿದ್ದರು. ಪದಕ ದೊರೆಯದವರು ತಮ್ಮನ್ನು ತಪ್ಪಿತಸ್ಥರೆಂದು ಎಣಿಸಿಕೊಂಡಿರಲಾರರೇ ಎಂಬ ಸಂದೇಹ ನಮ್ಮನ್ನು ಬಿಡದು.

ಲಾರೆನ್ಸರ ರೋಗಿಗಳಲ್ಲಿ ಸಾಹಿತಿ ಎಚ್. ಜಿ. ವೆಲ್ಸರೂ ಒಬ್ಬರು. ಇವರಿಬ್ಬರ ಯತ್ನದಿಂದ 1934ರಲ್ಲಿ ಲಂಡನ್ನಿನಲ್ಲಿ ಡಯಾಬೆಟಿಕ್ ಅಸೋಸಿಯೇಷನ್ ಸ್ಥಾಪಿತವಾಯಿತು. ರೋಗಿಗಳೂ ವೈದ್ಯರೂ ಒಂದೇ ಸಂಘದಲ್ಲಿ ಸದಸ್ಯರಾಗಿ ಕುಳಿತುದು ಅಂದಿನ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. 1950ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ರಚಿತವಾದಾಗ ಅದರ ಪ್ರಥಮ ಅಧ್ಯಕ್ಷರಾದವರೂ ಲಾರೆನ್ಸರೇ.

ನಿತ್ಯನಿಗಾ ರೋಗದ ಮುಂದಿನ ಹಾನಿಯನ್ನು ತಡೆಯಬಲ್ಲುದೇ ಎಂಬ ವಿವಾದ ಮಾತ್ರ ಬಹುಕಾಲ ಉಳಿಯಿತು. ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಮಂದಿಯೊಡನೆ ನಡೆದ ದೀರ್ಘ ಪರೀಕ್ಷೆಯ ಫಲವು 1993ರಲ್ಲಿ ಪ್ರಕಟವಾಗಿ, ಬಿಗಿಯಾದ ನಿಯಂತ್ರಣದಿಂದ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಗಣನೀಯವಾಗಿ ತಗ್ಗುವುದೆಂದು ಸಿದ್ಧವಾಯಿತು. ಅಲ್ಲಿ ಬಿಗಿ ಚಿಕಿತ್ಸೆಗೆ ಒಳಪಟ್ಟವರು ದಿನಕ್ಕೆ ನಾಲ್ಕಾವರ್ತಿ ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿಕೊಂಡು, ಇನ್ಸುಲಿನ್ ಅಳತೆಯನ್ನು ಅದಕ್ಕನುಸಾರವಾಗಿ ಹೊಂದಿಸಿಕೊಳ್ಳುತ್ತಿದ್ದರು. ಮೊದಲ ಚುಚ್ಚುಮದ್ದಿನ ತರುವಾಯ 45 ವರ್ಷ ಬಾಳಿದ ಲಾರೆನ್ಸರು 1968ರಲ್ಲಿ ತೀರಿಕೊಂಡಿದ್ದರು.