ರಾಣೆಬೆನ್ನೂರಿನ ಚಿಗರಿಗಳು

ನನ್ನಲ್ಲಿ ಎಂಟನೆಯ ತರಗತಿ ಓದಿದವರಿಗೆ ವನಮಹೋತ್ಸವದ ದಿನಗಳು ನೆನಪಿರಬಹುದು. ಬಯಲೆಂದರೆ ಬರಡು, ಮರವಿದ್ದರೆ ಮಾತ್ರ ಕಾಡು ಎಂದು ನಿಮಗೆ ಬೋಧಿಸುತ್ತಿದ್ದೆ. ಆ ಪಾಠ ತಪ್ಪೆಂದು ನನಗೆ ಅರಿವಾದದ್ದು ನಿವೃತ್ತಿಯ ಅನಂತರ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಚರಿತ್ರೆಯನ್ನು ಓದತೊಡಗಿದಾಗ.

ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿಗೆ ಸೇರಿದ ಈ ನೆಲ ಮೂಲತಃ ಕುರುಚಲು ಗಿಡಗಳ ಹುಲ್ಲುಗಾವಲು. ನಮ್ಮ ಕಡೆ ಚಿಗರಿ ಎನ್ನುವ ಕೃಷ್ಣಮೃಗಕ್ಕೆ ಇಂಥ ಬಯಲೇ ಕೋಟೆ. ತೋಳವನ್ನು ದೂರದಲ್ಲೇ ಕಂಡು, ಓಟದಿಂದಲೇ ಬದುಕುವ ಪ್ರಾಣಿಯದು. ಎರೆಭೂತವೆಂಬ ದೊಡ್ಡ ಹಕ್ಕಿಯೂ ಅಲ್ಲಿತ್ತು. ಅದು ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. (ನಮ್ಮ ಮಕ್ಕಳ ಪಠ್ಯದಲ್ಲಿ ನವಿಲಿಗಿದ್ದ ಸ್ಥಾನ ಇದಕ್ಕಿರಲಿಲ್ಲ.) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡನ್ನೂ ಮೊದಲ ಅನುಸೂಚಿಗೆ ಸೇರಿಸಿತು. 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು.

ಆದರೆ ಆ ಹುಲ್ಲುಗಾವಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ನುಂಗಿತ್ತು. ಕಾಯ್ದೆ ಬೇಟೆಗಾರನನ್ನು ತಡೆಯಬಲ್ಲದು, ಸಸಿ ನೆಡುವವನನ್ನು ತಡೆಯುವುದೆಂತು? ಚಿಗರಿ ಹೊಂದಿಕೊಂಡು ಉಳಿಯಿತು. ಸುತ್ತಲ ಹೊಲಗಳ ಪೈರಿಗೂ ಬಾಯಿ ಹಾಕಿತು. ರೈತರ ದೂರಿನಲ್ಲಿ ನ್ಯಾಯವಿಲ್ಲವೆನ್ನಲಾರೆ. ಎರೆಭೂತ ಮಾತ್ರ ಅಲ್ಲಿ ಉಳಿಯಲಿಲ್ಲ. ಇಂದು ದೇಶದಲ್ಲಿರುವ ಅಲ್ಪಸಂಖ್ಯೆಯ ಎರೆಭೂತಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ.

ಊರ ಗೋಮಾಳದಲ್ಲಿ ನಾವು ನೆಟ್ಟ ನೀಲಗಿರಿಯ ಸಾಲನ್ನು ಕಳೆದ ವರ್ಷ ನೋಡಿಬಂದೆ. ಮರಗಳು ಸೊಗಸಾಗಿಯೇ ಬೆಳೆದಿವೆ. ಬುಡದಲ್ಲಿ ತರಗೆಲೆಯಿತ್ತು, ಹುಲ್ಲಿರಲಿಲ್ಲ.