‘ೞ’ ಅಕ್ಷರಕ್ಕೆ ‘ಎಫ್‌ಎ’ ಅಂತ ಹೆಸರಿಟ್ಟ ಕತೆ

ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮಂಥವರಿಗೆ ಡಾಕ್ಯುಮೆಂಟೇಶನ್ ಓದುವುದೆಂದರೇ ಅಲರ್ಜಿ. ಅದರಲ್ಲಿರುವ ಸಣ್ಣಪುಟ್ಟ ತಪ್ಪು ತಿದ್ದುವುದಂತೂ ದೂರದ ಮಾತು. ‘ಒಂದಕ್ಷರ ತಾನೇ, ಯಾರು ನೋಡ್ತಾರೆ ಬಿಡಿ’ ಅಂದುಬಿಡುತ್ತೇವೆ. ಆದರೆ ಕನ್ನಡದಲ್ಲಿ ಬ್ಲಾಗಿಸುವ ನಾವೆಲ್ಲ ನೆಚ್ಚಿಕೊಂಡಿರುವ ಯುನಿಕೋಡಿನ ದಾಖಲೆಯಲ್ಲೇ ನಮ್ಮ ಒಂದಕ್ಷರದ ತಪ್ಪು 30 ವರ್ಷ ದಾಟಿದರೂ ಹಾಗೇ ಕೂತಿದೆ!

ಅದು ‘ೞ’ ಅಕ್ಷರದ ಹೆಸರು. ಹಳಗನ್ನಡ ಓದಿದವರಿಗೆ ಇದು ಗೊತ್ತು. ಇವತ್ತಿನ ಮಳೆ ಆಗ ‘ಮೞೆ’, ಬಾಳೆ ‘ಬಾೞೆ’, ಏಳು ‘ಏೞು’. ತಮಿಳು, ಮಲಯಾಳಂನಲ್ಲಿ ಈ ಧ್ವನಿ ಈಗಲೂ ಇದೆ. ಕನ್ನಡದಲ್ಲಿ ಅದು ಹೆಚ್ಚಿನ ಕಡೆ ‘ಳ’ದೊಳಗೆ ಕರಗಿಹೋಯಿತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಯಾವ ಪದಗಳಿಗೆ ೞ ಬರಬೇಕೆಂದು ಪಟ್ಟಿಯನ್ನೇ ಕೊಟ್ಟ. ಆ ಕಾಲದ ಡಾಕ್ಯುಮೆಂಟೇಶನ್ ಅನ್ನಿ :-)

ಈಗ ಯುನಿಕೋಡಿಗೆ ಬರೋಣ. ಅದರ ಭಾರತೀಯ ಲಿಪಿಗಳ ಜೋಡಣೆಗೆ 1988ರ ಇಸ್ಕಿ ತಳಹದಿ. ಪ್ರತಿ ಲಿಪಿಗೂ 128 ಮನೆ. ದೇವನಾಗರಿಯ ‘ಕ’ ಎಷ್ಟನೇ ಮನೆಯಲ್ಲಿದೆಯೋ ಕನ್ನಡದ ‘ಕ’ ಕೂಡ ತನ್ನ ಬೀದಿಯಲ್ಲಿ ಅಷ್ಟನೇ ಮನೆಯಲ್ಲೇ. ಈ ಲೆಕ್ಕದಲ್ಲಿ ೞ ಇರಬೇಕಾದದ್ದು ‘ಳ’ದ ಪಕ್ಕದ 0ಸಿಬಿ4ರಲ್ಲಿ. ತಮಿಳು, ಮಲಯಾಳಂನದ್ದು ಅಲ್ಲೇ ಇವೆ. ಕನ್ನಡದಲ್ಲಿ ಮಾತ್ರ ಆ ಮನೆ ಇವತ್ತಿಗೂ ಖಾಲಿ. ನಮ್ಮ ೞ ಇರುವುದು ದೂರದ 0ಸಿಡಿಇಯಲ್ಲಿ. ದೇವನಾಗರಿಯಲ್ಲಿ ಅದೇ ಮನೆಯಲ್ಲಿರುವುದು ಫಾರಸಿ, ಇಂಗ್ಲಿಷ್ ಪದಗಳ ‘ಫ಼’. ಮನೆಯೊಳಗೆ ೞ, ಬಾಗಿಲ ಮೇಲೆ ಫ಼ ಬೋರ್ಡು! 1993ರ 1.1 ಆವೃತ್ತಿಯಿಂದ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’.

ತಿದ್ದಿದರಾಯ್ತಲ್ಲ ಅಂತೀರಾ? ಅಲ್ಲೇ ಇರೋದು ತೊಡಕು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬ ನಿಯಮ 1996ರ 2.0 ಆವೃತ್ತಿಯಿಂದ ಇದೆ. ಪ್ರೋಗ್ರಾಮುಗಳು ಹೆಸರು ಹಿಡಿದೇ ಅಕ್ಷರ ಹುಡುಕುತ್ತವೆ. ಹೆಸರು ಬದಲಾದರೆ ಅವು ಮುರಿಯುತ್ತವೆ.

ಹಾಗಾಗಿ 2006ರ 5.0 ಆವೃತ್ತಿಯಲ್ಲಿ ಬೇರೆ ದಾರಿ ಹುಡುಕಿದರು. ಹಳೇ ಹೆಸರು ಇರಲಿ, ಪಕ್ಕದಲ್ಲಿ ಸರಿಯಾದ ಹೆಸರನ್ನೂ ಅಧಿಕೃತವಾಗಿ ಬರೆದಿಡೋಣ ಅಂತ. ಆ ಪುಟ್ಟ ಪಟ್ಟಿಯಲ್ಲಿ ನಮ್ಮ ಅಕ್ಷರಕ್ಕೆ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಹೆಸರು ಸಿಕ್ಕಿತು. ಜೊತೆಗಿದ್ದವು ಹೆಸರು ಅದಲುಬದಲಾದ ಲಾವೋ ಅಕ್ಷರಗಳು, ಮತ್ತೆ ‘ಬ್ರ್ಯಾಕೆಟ್’ ಸ್ಪೆಲಿಂಗಿನಲ್ಲಿ ಕೆ ಮತ್ತು ಸಿ ಸ್ಥಾನಪಲ್ಲಟವಾದ ಒಂದು ಆವರಣ ಚಿಹ್ನೆ. ಅದು 2005ರಲ್ಲಷ್ಟೇ ಸೇರಿದ್ದು; ಒಂದೇ ವರ್ಷದಲ್ಲಿ ತಪ್ಪು ಶಾಶ್ವತ!

ಜಯನಗರ, ಬನಶಂಕರಿ ಕಡೆ ಗೇಟುಗಳ ಮೇಲೆ ‘ಹಳೇ ನಂ., ಹೊಸ ನಂ.’ ಅಂತ ಎರಡೂ ಬರೆದಿರ್ತಾರಲ್ಲ, ಥೇಟ್ ಹಾಗೆ. ಪೋಸ್ಟ್‌ಮ್ಯಾನ್ ಯಾವ ನಂಬರ್ ಹಿಡಿದು ಬಂದರೂ ಕಾಗದ ತಲುಪುತ್ತದೆ. ಪೈಥಾನ್ ಈಗಲೂ 0ಸಿಡಿಇಯ ಹೆಸರು ಕೇಳಿದರೆ ‘ಎಫ್‌ಎ’ ಅಂತಲೇ ಹೇಳುತ್ತದೆ. ಆದರೆ 2012ರ 3.3 ಆವೃತ್ತಿಯಿಂದ ಸರಿಯಾದ ಹೆಸರು ಕೊಟ್ಟು ಹುಡುಕಿದರೂ ೞ ಸಿಗುತ್ತದೆ.

ಇಷ್ಟಕ್ಕೆಲ್ಲ ತಲೆಕೆಡಿಸಿಕೊಳ್ಳಬೇಕಾ? ಬೇಕು. ೞ ಬಾಯಿಂದ ಮರೆಯಾಗಿದೆ. ಉಳಿದಿರುವುದು ಶಾಸನ, ಕಾವ್ಯಗಳಲ್ಲಿ. ಅವನ್ನು ಕಂಪ್ಯೂಟರಿಗೆ ಏರಿಸುವಾಗ, ಕನ್ನಡ ಬಾರದ ಪ್ರೋಗ್ರಾಮರ್ ಒಬ್ಬ ಹೆಸರನ್ನೇ ನಂಬಿ ಲಿಪ್ಯಂತರ ಬರೆದರೆ ‘ಮೞೆ’ ಹೋಗಿ ‘ಮಫೆ’ ಆಗುತ್ತದೆ. ಅವನ ತಪ್ಪೇನೂ ಇಲ್ಲ ಪಾಪ, ದಾಖಲೆ ಹಾಗೆ ಹೇಳಿತ್ತು.

ನಾವು ದಿನಾ ಬಳಸುವ ಡಾಕ್ಯುಮೆಂಟೇಶನ್‌ಗಳಿಗೆ ಇಂಥ ಕಟ್ಟುಪಾಡಿಲ್ಲ. ಒಂದು ಸಾಲು ತಿದ್ದಿ ಕಳಿಸಿದರೆ ಮುಗಿಯಿತು. ಹಾಗಾಗಿ ಮುಂದಿನ ಸಲ ಕಣ್ಣಿಗೆ ತಪ್ಪು ಬಿದ್ದರೆ ‘ಒಂದಕ್ಷರ ತಾನೇ’ ಅನ್ನಬೇಡಿ. ಅದರ ಮೇಲೆ ಯಾರಾದರೂ ಮನೆ ಕಟ್ಟುವ ಮೊದಲೇ ತಿದ್ದಿಬಿಡೋಣ. ನೀವೇನಂತೀರಿ?